ಹಾರಬಲ್ಲವನು ಬಿದ್ದದ್ದೇಕೆ?

ನಿಮ್ಮ ಮನೆಯಲ್ಲಿ ಗಂಡು ಮಕ್ಕಳಿದ್ದರೆ ಡಬ್ಲ್ಯುಡಬ್ಲ್ಯುಇ ಎಂಬ ಹೆಸರನ್ನು ನೀವು ಕೇಳದಿರಲು ಸಾಧ್ಯವಿಲ್ಲ. ಅಮೆರಿಕದ ಈ ಕುಸ್ತಿ ಕಂಪೆನಿಯ ಕಾರ್ಯಕ್ರಮ ಟೆನ್ ಸ್ಪೋರ್ಟ್ಸ್ ಚಾನೆಲ್‌ನಲ್ಲಿ ಬರುತ್ತಿದ್ದ ವರ್ಷಗಳಲ್ಲಿ ಹೋಂವರ್ಕ್ ಮೂಲೆಗೆ ಬೀಳುತ್ತಿತ್ತು, ಹಾಸಿಗೆಯ ಮೇಲೆ ಅಣ್ಣ ತಮ್ಮಂದಿರ ಕಾದಾಟ ನಡೆಯುತ್ತಿತ್ತು, ತಾಯಂದಿರು ಸೌಟು ಹಿಡಿದು ಅಡುಗೆ ಮನೆಯಿಂದ ಓಡಿ ಬರುತ್ತಿದ್ದರು. ಆ ಕುಸ್ತಿಯನ್ನು ಹೊಗಳುವುದಾಗಲೀ ತೆಗಳುವುದಾಗಲೀ ಈ ಲೇಖನದ ಉದ್ದೇಶವಲ್ಲ. ಅದರೊಳಗೆ ನಡೆದ ಒಬ್ಬ ಮನುಷ್ಯನ ಕಥೆಯನ್ನು ನಿಮ್ಮ ಮುಂದಿಡಬೇಕಾಗಿದೆ. ಆತ ತನ್ನ ದೇಶದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಹಾರುತ್ತಿದ್ದವನು. ಅದಕ್ಕಿಂತ ದೊಡ್ಡ ಕಡೆಗೆ ಹೋದಾಗ ಬಿದ್ದ. ಏಕೆ ಬಿದ್ದ ಎಂಬುದು ಕುಸ್ತಿ ನೋಡದವರೂ ಯೋಚಿಸಬೇಕಾದ ವಿಷಯ.

2011ರ ಎಪ್ರಿಲ್ 4ರ ರಾತ್ರಿ. ರೆಸಲ್‌ಮೇನಿಯಾ ಎಂಬ ವರ್ಷದ ದೊಡ್ಡ ಪಂದ್ಯಾವಳಿ ಮುಗಿದ ಮರುದಿನ. ನೀಲಿ ಉಡುಪು ತೊಟ್ಟು, ಮುಖಕ್ಕೆ ಮುಸುಕು ಹಾಕಿಕೊಂಡ ಒಬ್ಬ ಯುವಕ ಓಡಿ ಬಂದ. ರಿಂಗಿನ ಪಕ್ಕದಲ್ಲಿಟ್ಟಿದ್ದ ಟ್ರ್ಯಾಂಪೊಲಿನ್ ಮೇಲೆ ಕಾಲಿಟ್ಟು ಚಿಮ್ಮಿದ. ಎಲ್ಲರಿಗಿಂತ ಮೇಲಿನ ಹಗ್ಗವನ್ನೂ ದಾಟಿ ರಿಂಗಿನೊಳಗೆ ಇಳಿದ. ಜನ ಎದ್ದು ನಿಂತರು. ಆತನ ಹೆಸರು ಸಿನ್ ಕಾರಾ. ಸ್ಪ್ಯಾನಿಷ್ ಭಾಷೆಯಲ್ಲಿ ಇದರ ಅರ್ಥ ‘ಮುಖವಿಲ್ಲದವನು’. ಮೂರು ವರ್ಷ ಕಳೆಯುವಷ್ಟರಲ್ಲಿ ಆತ ಆ ಕಂಪೆನಿಯಿಂದ ಹೊರಬಿದ್ದಿದ್ದ. ಆದರೆ ‘ಸಿನ್ ಕಾರಾ’ ಮಾತ್ರ ಅಲ್ಲೇ ಉಳಿದಿದ್ದ! ಇದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ಅದನ್ನು ತಿಳಿಯಬೇಕಾದರೆ ಮೊದಲು ಮೆಕ್ಸಿಕೋ ದೇಶಕ್ಕೆ ಹೋಗಬೇಕು.

ಮುಸುಕಿನ ನಾಡಿನ ರಾಜಕುಮಾರ

ಮೆಕ್ಸಿಕೋದಲ್ಲಿ ಕುಸ್ತಿಯನ್ನು ‘ಲೂಚಾ ಲಿಬ್ರೆ’ ಎನ್ನುತ್ತಾರೆ. ಮುಕ್ತ ಕಾದಾಟ ಎಂದು ಅರ್ಥ. 1933ರಲ್ಲಿ ಸಾಲ್ವಡಾರ್ ಲುಟೆರೊತ್ ಎಂಬವರು ಅಲ್ಲಿ ಕಟ್ಟಿದ ಕಂಪೆನಿ ಇಂದಿಗೂ ನಡೆಯುತ್ತಿದೆ. ಈಗ ಅದರ ಹೆಸರು ಸಿಎಂಎಲ್ಎಲ್. ಇಂದಿಗೂ ಉಳಿದಿರುವ ಕುಸ್ತಿ ಕಂಪೆನಿಗಳಲ್ಲಿ ಜಗತ್ತಿನಲ್ಲೇ ಹಳೆಯದು ಇದು. ರಾಜಧಾನಿಯಲ್ಲಿರುವ ಅರೆನಾ ಮೆಕ್ಸಿಕೋ ಅದರ ಕೇಂದ್ರ. 1956ರಲ್ಲಿ ತೆರೆದ ಈ ಸಭಾಂಗಣದಲ್ಲಿ 16,000ಕ್ಕೂ ಹೆಚ್ಚು ಮಂದಿ ಕೂರಬಹುದು. ಶುಕ್ರವಾರ ರಾತ್ರಿ ಅಲ್ಲಿ ಕುಸ್ತಿ ಎಂದರೆ ಅಜ್ಜಿಯಿಂದ ಮೊಮ್ಮಗನ ವರೆಗೆ ಇಡೀ ಕುಟುಂಬ ಹೊರಡುತ್ತದೆ.

ಅಲ್ಲಿ ಮುಸುಕಿಗೆ ಇರುವ ಗೌರವವನ್ನು ನಾವು ಊಹಿಸುವುದು ಕಷ್ಟ. ‘ಎಲ್ ಸಾಂತೋ’ ಎಂಬ ಮಹಾನ್ ಕುಸ್ತಿಪಟು 1984ರಲ್ಲಿ ತೀರಿಕೊಂಡಾಗ ಆತನನ್ನು ಮುಸುಕಿನ ಸಮೇತ ದಫನ ಮಾಡಿದರು. ಮುಸುಕನ್ನೇ ಪಣವಾಗಿಟ್ಟು ಆಡುವ ಪಂದ್ಯಗಳಿವೆ. ಸೋತವನು ಎಲ್ಲರೆದುರು ಮುಸುಕು ತೆಗೆದು ತನ್ನ ನಿಜ ಹೆಸರು ಹೇಳಬೇಕು. ಆ ಬಳಿಕ ಆತ ಆ ಮುಸುಕನ್ನು ಮತ್ತೆ ಧರಿಸುವಂತಿಲ್ಲ. ಅಂದರೆ ಮುಸುಕು ಅಲ್ಲಿ ವೇಷದ ಬಟ್ಟೆಯಲ್ಲ, ಅದೇ ಆತನ ಮಾನ.

ಇಂತಹ ನಾಡಿನಲ್ಲಿ 2004ರಲ್ಲಿ ‘ಮಿಸ್ತಿಕೋ’ ಎಂಬ ಹೊಸ ಹುಡುಗ ರಿಂಗಿಗೆ ಇಳಿದ. ಆತನ ತಂದೆಯೂ ಕುಸ್ತಿಪಟುವೇ. ಅದಕ್ಕೂ ಮೊದಲು ಬೇರೆ ಬೇರೆ ಹೆಸರುಗಳಲ್ಲಿ ಆಡಿ ಹೆಚ್ಚೇನೂ ಗಮನ ಸೆಳೆಯದಿದ್ದವನು. ಕಂಪೆನಿ ಆತನಿಗೆ ಒಂದು ಕಥೆ ಕಟ್ಟಿಕೊಟ್ಟಿತು. ಫ್ರೇ ಟೊರ್ಮೆಂಟಾ ಎಂಬ ಹೆಸರಿನಲ್ಲಿ ಮುಸುಕು ಹಾಕಿ ಕುಸ್ತಿಯಾಡಿ, ಬಂದ ಹಣದಿಂದ ಅನಾಥಾಶ್ರಮ ನಡೆಸಿದ ಒಬ್ಬ ಪಾದ್ರಿ ಮೆಕ್ಸಿಕೋದಲ್ಲಿ ನಿಜವಾಗಿಯೂ ಇದ್ದರು. ಅವರ ಆಶ್ರಮದಲ್ಲಿ ಬೆಳೆದ ಹುಡುಗನೇ ಈ ಮಿಸ್ತಿಕೋ ಎಂಬುದು ಆ ಕಥೆ. ಪಾದ್ರಿ ನಿಜ, ಹುಡುಗನ ಬಾಲ್ಯ ಕಟ್ಟುಕಥೆ. ಆದರೆ ಆತನ ಹಾರಾಟ ಮಾತ್ರ ನೂರಕ್ಕೆ ನೂರು ನಿಜವಾಗಿತ್ತು. ಗಾಳಿಯಲ್ಲಿ ಎದುರಾಳಿಯ ದೇಹದ ಸುತ್ತ ಬುಗುರಿಯಂತೆ ಸುತ್ತಿ, ಕೆಳಗಿಳಿಯುವಷ್ಟರಲ್ಲಿ ಆತನ ತೋಳನ್ನು ಬಿಗಿಯಾಗಿ ಮುರಿದು ಹಿಡಿಯುವ ಆತನ ಪಟ್ಟಿಗೆ ‘ಲಾ ಮಿಸ್ತಿಕಾ’ ಎಂಬ ಹೆಸರೇ ಬಿತ್ತು. ಅರೆನಾ ಮೆಕ್ಸಿಕೋ ಮತ್ತೆ ಮತ್ತೆ ಭರ್ತಿಯಾಯಿತು. ಅಮೆರಿಕದ ಪ್ರಸಿದ್ಧ ಕುಸ್ತಿ ವಾರಪತ್ರಿಕೆ ರೆಸ್ಲಿಂಗ್ ಅಬ್ಸರ್ವರ್ 2006ರಲ್ಲಿ ಆತನನ್ನು ವರ್ಷದ ಕುಸ್ತಿಪಟು ಎಂದು ಆರಿಸಿತು. 2009ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಜೂನಿಯರ್ ಹೆವಿವೇಟ್ ವಿಭಾಗದ ದೊಡ್ಡ ಪಟ್ಟವನ್ನೂ ಗೆದ್ದ.

ಅಮೆರಿಕದಿಂದ ಕರೆ ಬಂದದ್ದು ಇಂತಹವನಿಗೆ. ಡಬ್ಲ್ಯುಡಬ್ಲ್ಯುಇಯಲ್ಲಿ ಆಗ ರೇ ಮಿಸ್ಟೀರಿಯೋ ಎಂಬ ಮುಸುಕಿನ ಕುಸ್ತಿಪಟು ಸ್ಪ್ಯಾನಿಷ್ ಮಾತಾಡುವ ಲಕ್ಷಾಂತರ ಪ್ರೇಕ್ಷಕರ ಕಣ್ಮಣಿಯಾಗಿದ್ದ. ಆತನಿಗೆ ವಯಸ್ಸಾಗುತ್ತಿತ್ತು, ಮೊಣಕಾಲು ಕೈಕೊಡುತ್ತಿತ್ತು. ಮುಂದಿನ ಮಿಸ್ಟೀರಿಯೋ ಯಾರು ಎಂಬ ಪ್ರಶ್ನೆಗೆ ಮಿಸ್ತಿಕೋ ಸಿದ್ಧ ಉತ್ತರದಂತೆ ಕಂಡ. 2011ರ ಫೆಬ್ರವರಿಯಲ್ಲಿ ಮೆಕ್ಸಿಕೋ ನಗರದಲ್ಲೇ ಪತ್ರಿಕಾಗೋಷ್ಠಿ ಕರೆದು ಆತನ ಸೇರ್ಪಡೆಯನ್ನು ಸಾರಲಾಯಿತು. ಒಬ್ಬ ಹೊಸಬನಿಗೆ ಇಷ್ಟು ದೊಡ್ಡ ಸ್ವಾಗತ ಸಿಗುವುದು ಅಪರೂಪ.

ಹಾರುವವನಿಗಿಂತ ಹಿಡಿಯುವವನು ಮುಖ್ಯ

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಈ ಬಗೆಯ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಇದು ಈಗ ಗುಟ್ಟಿನ ವಿಷಯವೇನಲ್ಲ. ಹಾಗೆಂದು ಎಲ್ಲವೂ ಸುಳ್ಳು ಎಂದು ತಿಳಿಯಬೇಡಿ. ಹತ್ತಡಿ ಎತ್ತರದಿಂದ ಕೆಳಗೆ ಬೀಳುವ ದೇಹ ನಿಜವಾದದ್ದೇ, ಮುರಿಯುವ ಎಲುಬೂ ನಿಜವಾದದ್ದೇ. ಹಾಗಾದರೆ ಆ ಎಲುಬನ್ನು ಕಾಯುವವರು ಯಾರು? ಎದುರಾಳಿ! ನೋಡುವವರ ಕಣ್ಣಿಗೆ ವೈರಿಯಂತೆ ಕಾಣುವವನೇ ಹಾರಿ ಬರುವವನನ್ನು ಸರಿಯಾದ ಜಾಗದಲ್ಲಿ ನಿಂತು, ಸರಿಯಾದ ಗಳಿಗೆಯಲ್ಲಿ ಹಿಡಿದು, ತನ್ನ ಮೈಮೇಲೆ ಭಾರ ಹಾಕಿಕೊಂಡು ಕೆಳಗಿಳಿಸುತ್ತಾನೆ.

ಮೆಕ್ಸಿಕೋದಲ್ಲಿ ಇದೊಂದು ಪ್ರತ್ಯೇಕ ವಿದ್ಯೆ. ಅಲ್ಲಿ ಒಳ್ಳೆಯವನ ಪಾತ್ರದವನನ್ನು ‘ಟೆಕ್ನಿಕೋ’ ಎಂದೂ ಕೆಟ್ಟವನ ಪಾತ್ರದವನನ್ನು ‘ರೂಡೋ’ ಎಂದೂ ಕರೆಯುತ್ತಾರೆ. ಟೆಕ್ನಿಕೋ ಹಾರುತ್ತಾನೆ, ರೂಡೋ ಹಿಡಿಯುತ್ತಾನೆ. ಮಿಸ್ತಿಕೋನ ಒಂದೊಂದು ಹಾರಾಟಕ್ಕೂ ಚಪ್ಪಾಳೆ ಬೀಳುವಾಗ ಕೆಳಗೆ ನಿಂತು ಆತನನ್ನು ಸುರಕ್ಷಿತವಾಗಿ ತಿರುಗಿಸಿ ಇಳಿಸುತ್ತಿದ್ದ ರೂಡೋಗಳನ್ನು ಯಾರೂ ಗಮನಿಸಲಿಲ್ಲ. ಅವರು ಹತ್ತು ಹದಿನೈದು ವರ್ಷ ಅದೇ ಕೆಲಸ ಮಾಡಿ ಪಳಗಿದವರು. ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತು.

ಅಮೆರಿಕದಲ್ಲಿ ಆತನ ಎದುರಿಗೆ ನಿಂತವರು ಬೇರೆ ಶಾಲೆಯವರು. ಅವರು ದಡ್ಡರಲ್ಲ, ತಮ್ಮ ಪದ್ಧತಿಯಲ್ಲಿ ನಿಪುಣರು. ಆದರೆ ಅವರ ಪದ್ಧತಿಯೇ ಬೇರೆ. ಅಮೆರಿಕದಲ್ಲಿ ಪಟ್ಟು ಹಾಕುವುದು ಸಾಮಾನ್ಯವಾಗಿ ಎದುರಾಳಿಯ ಎಡಗೈ, ಎಡಗಾಲಿಗೆ. ಮೆಕ್ಸಿಕೋದಲ್ಲಿ ಬಲಕ್ಕೆ. ಚಿಕ್ಕಂದಿನಿಂದ ಒಂದು ಕಡೆಗೆ ತಿರುಗಿ ಅಭ್ಯಾಸವಾದ ದೇಹಕ್ಕೆ ಏಕಾಏಕಿ ಇನ್ನೊಂದು ಕಡೆಗೆ ತಿರುಗೆಂದರೆ ಏನಾಗುತ್ತದೆ? ರಸ್ತೆಯ ಎಡಕ್ಕೆ ಗಾಡಿ ಓಡಿಸಿ ಅಭ್ಯಾಸವಿದ್ದವರು ಗಲ್ಫಿಗೆ ಹೋಗಿ ಬಲಕ್ಕೆ ಓಡಿಸುವ ಮೊದಲ ದಿನವನ್ನು ನೆನಪಿಸಿಕೊಳ್ಳಿ. ಇಲ್ಲಿ ಯೋಚಿಸಲು ಅರೆ ಕ್ಷಣವೂ ಸಿಗುವುದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಇಂತಹ ಜೋಡಿಗೇ ಹುಟ್ಟಿದ್ದಿರಬೇಕು.

ಇನ್ನೂ ಒಂದು ವ್ಯತ್ಯಾಸವಿದೆ. ಸಿಎಂಎಲ್ಎಲ್‌ನಲ್ಲಿ ಹೆಚ್ಚಿನ ಪಂದ್ಯಗಳು ಮೂವರ ವಿರುದ್ಧ ಮೂವರು ಆಡುವಂಥವು. ಮೂರು ಸುತ್ತುಗಳಲ್ಲಿ ಎರಡು ಗೆದ್ದವರಿಗೆ ಜಯ. ಮಿಸ್ತಿಕೋ ತನ್ನ ಸರದಿ ಬಂದಾಗ ಮಿಂಚಿನಂತೆ ಬಂದು, ನಾಲ್ಕು ಅದ್ಭುತ ಹಾರಾಟ ತೋರಿಸಿ, ದಣಿವಾರಿಸಿಕೊಳ್ಳಲು ಹೊರಗೆ ಸರಿಯಬಹುದಿತ್ತು. ನಡುವಿನ ಭಾಗವನ್ನು ಜೊತೆಗಾರರು ತುಂಬುತ್ತಿದ್ದರು. ಡಬ್ಲ್ಯುಡಬ್ಲ್ಯುಇಯಲ್ಲಿ ಹೆಚ್ಚಾಗಿ ಒಬ್ಬನೆದುರು ಒಬ್ಬ, ಒಂದೇ ಸುತ್ತು. ಅದೂ ಟಿವಿ ಜಾಹೀರಾತಿನ ಹೊತ್ತಿಗೆ ನಿಮಿಷ ಲೆಕ್ಕ ಹಾಕಿ ಆಡಬೇಕು. ಸಮಯ ಕಡಿಮೆ ಮಾಡು, ಹೆಚ್ಚಿಸು, ಮುಗಿಸು ಎಂಬ ಸೂಚನೆಗಳು ಪಂದ್ಯದ ನಡುವೆಯೇ ರೆಫರಿಯ ಮೂಲಕ ಬರುತ್ತವೆ. ಎದುರಾಳಿಗಳು ಕಿವಿಯಲ್ಲಿ ಪಿಸುಗುಟ್ಟಿ ಮುಂದಿನ ಪಟ್ಟನ್ನು ಹೇಳಿಕೊಳ್ಳುತ್ತಾರೆ. ಇವೆಲ್ಲ ನಡೆಯುವುದು ಇಂಗ್ಲಿಷಿನಲ್ಲಿ. ಈತನ ಭಾಷೆ ಸ್ಪ್ಯಾನಿಷ್. ಹಾರುವ ಮೊದಲು ‘ಸಿದ್ಧನಿದ್ದೀಯಾ?’ ಎಂದು ಕೇಳಲು, ‘ಸ್ವಲ್ಪ ನಿಲ್ಲು’ ಎಂಬ ಉತ್ತರವನ್ನು ಅರ್ಥ ಮಾಡಿಕೊಳ್ಳಲು ಇಬ್ಬರಿಗೂ ಸಮಾನವಾದ ಭಾಷೆ ಬೇಕಲ್ಲವೇ?

ಫಲಿತಾಂಶ ಮೊದಲ ವಾರಗಳಲ್ಲೇ ಕಂಡಿತು. ಪಟ್ಟುಗಳು ತಪ್ಪಿದವು, ಕಾಲು ಜಾರಿತು, ಹಾರಿದ ಕಡೆ ಹಿಡಿಯುವವನಿರಲಿಲ್ಲ, ಹಿಡಿಯಲು ನಿಂತ ಕಡೆಗೆ ಈತ ಹಾರಲಿಲ್ಲ. ಕಂಪೆನಿ ಆತನ ಪಂದ್ಯಗಳಿಗಾಗಿಯೇ ನೀಲಿ, ಹೊಂಬಣ್ಣದ ವಿಶೇಷ ಬೆಳಕು ಹಾಕಿಸುತ್ತಿತ್ತು. ಏನೋ ಮಹತ್ತಾದದ್ದು ನಡೆಯಲಿದೆ ಎಂದು ಜನ ಕಾಯುವಂತೆ ಮಾಡುತ್ತಿತ್ತು. ನಿರೀಕ್ಷೆಯನ್ನು ಅಷ್ಟು ಎತ್ತರಿಸಿದ ಮೇಲೆ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. ಯಾವ ಜನ ಎದ್ದು ನಿಂತು ಸ್ವಾಗತಿಸಿದ್ದರೋ ಅವರೇ ನಗತೊಡಗಿದರು.

ತರಬೇತಿಯ ಮೆಟ್ಟಿಲು ತಪ್ಪಿದಾಗ

ಮೆಕ್ಸಿಕೋದಿಂದ ಬಂದವರಿಗೆ ಅಮೆರಿಕ ಒಗ್ಗುವುದೇ ಇಲ್ಲ ಎಂದು ನೀವು ತೀರ್ಮಾನಿಸಿದರೆ ತಪ್ಪಾಗುತ್ತದೆ. ಅದೇ ಸಮಯದಲ್ಲಿ ಅದೇ ಕಂಪೆನಿಯಲ್ಲಿದ್ದ ಇಬ್ಬರನ್ನು ನೋಡಿ.

ಒಬ್ಬ ರೇ ಮಿಸ್ಟೀರಿಯೋ. ಅಮೆರಿಕದ ಸ್ಯಾನ್ ಡಿಯಾಗೋ ಕಡೆ ಬೆಳೆದು, ಗಡಿಯಾಚೆಯ ಟಿಹುವಾನಾದಲ್ಲಿ ಮಾವನ ಬಳಿ ಕುಸ್ತಿ ಕಲಿತವನು. ಎರಡೂ ಭಾಷೆ ಬಲ್ಲವನು. 1995ರಲ್ಲಿ ಅಮೆರಿಕದ ಒಂದು ಸಣ್ಣ ಕಂಪೆನಿ, 1996ರಲ್ಲಿ ಇನ್ನೊಂದು ದೊಡ್ಡ ಕಂಪೆನಿ, ಕೊನೆಗೆ 2002ರಲ್ಲಿ ಡಬ್ಲ್ಯುಡಬ್ಲ್ಯುಇ. ಹೀಗೆ ಮೆಟ್ಟಿಲು ಹತ್ತಿ ಬಂದವನು. ಅಷ್ಟರಲ್ಲಿ ಆತನನ್ನು ಹೇಗೆ ಹಿಡಿಯಬೇಕೆಂದು ಎದುರಾಳಿಗಳೂ ಕಲಿತಿದ್ದರು, ದೊಡ್ಡ ದೇಹದವರೊಂದಿಗೆ ಹೇಗೆ ಆಡಬೇಕೆಂದು ಆತನೂ ಕಲಿತಿದ್ದ.

ಇನ್ನೊಬ್ಬ ಆಲ್ಬರ್ಟೋ ಡೆಲ್ ರಿಯೋ. ಈತನ ಉದಾಹರಣೆ ಇನ್ನೂ ಸ್ವಾರಸ್ಯಕರ. ಈತನೂ ಸಿಎಂಎಲ್ಎಲ್‌ನಲ್ಲಿ ಮುಸುಕು ಹಾಕಿ ಆಡುತ್ತಿದ್ದವನೇ. ಅಲ್ಲಿ ಈತನ ಹೆಸರು ‘ದೋಸ್ ಕಾರಾಸ್ ಜೂನಿಯರ್’, ಅಂದರೆ ಕಿರಿಯ ‘ಎರಡು ಮುಖದವನು’. 2009ರಲ್ಲಿ ಡಬ್ಲ್ಯುಡಬ್ಲ್ಯುಇ ಸೇರಿದಾಗ ಫ್ಲೋರಿಡಾದಲ್ಲಿದ್ದ ಅದರ ತರಬೇತಿ ಕೇಂದ್ರಕ್ಕೆ ಹೋದ. ಊರಿನಲ್ಲಿ ಹೆಸರು ಮಾಡಿದ್ದವನು ಅಲ್ಲಿ ಹೊಸ ಹುಡುಗರ ನಡುವೆ ನಿಂತು ಮತ್ತೆ ಕಲಿತ. ಮುಸುಕು ಬಿಟ್ಟ. ಕ್ಯಾಮೆರಾದೆದುರು ಇಂಗ್ಲಿಷಿನಲ್ಲಿ ಮಾತನಾಡಿದ. 2010ರ ಆಗಸ್ಟ್‌ನಲ್ಲಿ ಟಿವಿಗೆ ಬಂದು, 2011ರ ಜನವರಿಯಲ್ಲಿ ರಾಯಲ್ ರಂಬಲ್ ಗೆದ್ದು, ಅದೇ ಆಗಸ್ಟ್‌ನಲ್ಲಿ ಕಂಪೆನಿಯ ಅತಿ ದೊಡ್ಡ ಪಟ್ಟಕ್ಕೇರಿದ.

ಮಿಸ್ತಿಕೋ ಇವರಿಬ್ಬರಿಗಿಂತ ಕಡಿಮೆ ಪ್ರತಿಭಾವಂತನೇನಲ್ಲ. ಹಾರಾಟದಲ್ಲಿ ಡೆಲ್ ರಿಯೋ ಆತನ ಹತ್ತಿರವೂ ಸುಳಿಯಲಾರ. ಆದರೆ ಫೆಬ್ರವರಿಯಲ್ಲಿ ಕರೆದು ಎಪ್ರಿಲ್‌ನಲ್ಲಿ ಕೋಟ್ಯಂತರ ಜನರೆದುರು ನಿಲ್ಲಿಸಿದರು. ಇಂತಹ ಪ್ರಸಿದ್ಧನಿಗೆ ಕಲಿಸುವುದು ಏನಿದೆ ಎಂಬ ಭಾವನೆಯೇ ಆತನಿಗೆ ಮುಳುವಾಯಿತು. ಗೌರವ ಎಂದು ಕೊಟ್ಟದ್ದು ಅನ್ಯಾಯವಾಗಿ ಪರಿಣಮಿಸಿತು. ಅಡಿಕೆ ಸಸಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ರೈತ ಬೇರಿನ ಮಣ್ಣನ್ನು ಉದುರಿಸುವುದಿಲ್ಲ, ಕೆಲವು ದಿನ ನೆರಳು ಮಾಡಿಕೊಡುತ್ತಾನೆ. ಈತನಿಗೆ ಮಣ್ಣೂ ಉಳಿಯಲಿಲ್ಲ, ನೆರಳೂ ಸಿಗಲಿಲ್ಲ.

ಹೆಸರು ಯಾರದ್ದು?

ಈಗ ಕಥೆಯ ಕಹಿ ಭಾಗಕ್ಕೆ ಬರೋಣ. ‘ಮಿಸ್ತಿಕೋ’ ಎಂಬ ಹೆಸರು ಸಿಎಂಎಲ್ಎಲ್ ಕಂಪೆನಿಯ ಸೊತ್ತಾಗಿತ್ತು. ಆದ್ದರಿಂದ ಏಳು ವರ್ಷ ಬೆವರು ಸುರಿಸಿ ಬೆಳೆಸಿದ ಹೆಸರನ್ನು ಆತ ಅಲ್ಲೇ ಬಿಟ್ಟು ಹೋಗಬೇಕಾಯಿತು. ಹೊಸ ಕಂಪೆನಿ ಕೊಟ್ಟ ‘ಸಿನ್ ಕಾರಾ’ ಎಂಬ ಹೆಸರು ಹೊಸ ಕಂಪೆನಿಯ ಸೊತ್ತು. ಇದರ ಅರ್ಥವೇನೆಂದು ಆತನಿಗೆ ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ.

2011ರ ಜುಲೈ 18ರಂದು ಕಂಪೆನಿ ತನ್ನ ಆರೋಗ್ಯ ನಿಯಮಾವಳಿಯನ್ನು ಉಲ್ಲಂಘಿಸಿದ ಕಾರಣಕ್ಕೆ ಆತನನ್ನು 30 ದಿನ ಅಮಾನತು ಮಾಡಿತು. ಇದು ಆತನದ್ದೇ ತಪ್ಪು. ಇದನ್ನು ಮುಚ್ಚಿಟ್ಟು ಎಲ್ಲ ಹೊಣೆಯನ್ನು ಕಂಪೆನಿಯ ಮೇಲೆ ಹಾಕುವುದು ನ್ಯಾಯವಲ್ಲ. ಆದರೆ ಆಮೇಲೆ ನಡೆದದ್ದನ್ನು ಗಮನಿಸಿ. ಆಗಸ್ಟ್‌ನಲ್ಲಿ ‘ಸಿನ್ ಕಾರಾ’ ಟಿವಿಯಲ್ಲಿ ಮತ್ತೆ ಕಾಣಿಸಿಕೊಂಡ. ಅದೇ ಮುಸುಕು, ಅದೇ ಉಡುಪು. ಒಳಗಿದ್ದ ಮನುಷ್ಯ ಮಾತ್ರ ಬೇರೆ! ಹುನಿಕೋ ಎಂಬ ಹೆಸರಿನಿಂದ ಆಡುತ್ತಿದ್ದ, ಟೆಕ್ಸಾಸ್ ರಾಜ್ಯದ ಎಲ್ ಪಾಸೋ ಊರಿನ, ಫ್ಲೋರಿಡಾದ ತರಬೇತಿ ಕೇಂದ್ರದಲ್ಲಿ ಪಳಗಿದ ಕುಸ್ತಿಪಟು ಆತ. ಹಾರಾಟ ಸಾಧಾರಣ, ಆದರೆ ಕೆಲಸ ಅಚ್ಚುಕಟ್ಟು. ಮೂಲದವನು ಮರಳಿ ಬಂದಾಗ ಕಂಪೆನಿ ಅದನ್ನೇ ಒಂದು ಕಥೆಯಾಗಿಸಿ ಇಬ್ಬರು ಸಿನ್ ಕಾರಾಗಳನ್ನು ಕಾದಾಡಲು ಬಿಟ್ಟಿತು. ಅಕ್ಟೋಬರ್‌ನಲ್ಲಿ ಮೆಕ್ಸಿಕೋ ನಗರದಲ್ಲೇ ಮುಸುಕಿನ ಪಣದ ಪಂದ್ಯ ನಡೆಯಿತು. ಮೂಲದವನು ಗೆದ್ದ, ಹುನಿಕೋನ ಮುಸುಕು ಕಳಚಿತು. ತನ್ನದೇ ಊರಿನಲ್ಲಿ, ತನ್ನದೇ ಜನರ ಎದುರು, ‘ನಾನೇ ನಾನು’ ಎಂದು ಸಾಬೀತುಪಡಿಸಬೇಕಾದ ಪರಿಸ್ಥಿತಿ ಒಬ್ಬ ಮನುಷ್ಯನಿಗೆ ಬಂದರೆ ಹೇಗಿರಬಹುದು?

ಗೆಲುವಿನ ಸಂತೋಷವೂ ಹೆಚ್ಚು ದಿನ ಉಳಿಯಲಿಲ್ಲ. ನವೆಂಬರ್ 20ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಗ್ಗದಾಚೆಗೆ ಹಾರಿದಾಗ ಮೊಣಕಾಲ ಚಿಪ್ಪಿನ ಸ್ನಾಯುರಜ್ಜು ಹರಿಯಿತು. ಅರ್ಧ ವರ್ಷ ಮನೆಯಲ್ಲಿ ಕೂರಬೇಕಾಯಿತು. 2012ರಲ್ಲಿ ಮರಳಿದಾಗ ಆತನನ್ನು ರೇ ಮಿಸ್ಟೀರಿಯೋನ ಜೊತೆಗಾರನನ್ನಾಗಿ ಆಡಿಸಿದರು. ನಿಜ ಹೇಳಬೇಕೆಂದರೆ ಅಮೆರಿಕದಲ್ಲಿ ಆತ ಸ್ವಲ್ಪವಾದರೂ ನಿರಾಳವಾಗಿ ಆಡಿದ್ದು ಆಗಲೇ. ತನ್ನ ಭಾಷೆ ಬಲ್ಲ, ತನ್ನ ಪದ್ಧತಿ ಬಲ್ಲ ಒಬ್ಬ ಹಿರಿಯ ಪಕ್ಕದಲ್ಲಿದ್ದ. ಮೊದಲ ದಿನವೇ ಆಗಬೇಕಾಗಿದ್ದ ಏರ್ಪಾಡು ಒಂದು ವರ್ಷ ತಡವಾಗಿ ಆಯಿತು. ಅಷ್ಟರಲ್ಲಿ ಜನರ ಮನಸ್ಸಿನಲ್ಲಿ ‘ತಪ್ಪು ಮಾಡುವವನು’ ಎಂಬ ಹಣೆಪಟ್ಟಿ ಅಂಟಿಯಾಗಿತ್ತು. 2013ರಲ್ಲಿ ಡೆಲ್ ರಿಯೋ ವಿರುದ್ಧದ ಪಂದ್ಯದಲ್ಲಿ ಬೆರಳಿನ ಕೀಲು ತಪ್ಪಿ ಆಟ ಅರ್ಧಕ್ಕೇ ನಿಂತಿತು. ಆ ವರ್ಷದ ಡಿಸೆಂಬರ್‌ನಲ್ಲಿ ಮುಸುಕನ್ನು ಮತ್ತೆ ಹುನಿಕೋಗೆ ಹಾಕಿದರು. ಈ ಬಾರಿ ಯಾವ ವಿವರಣೆಯೂ ಇಲ್ಲ, ಕಥೆಯೂ ಇಲ್ಲ. 2014ರಲ್ಲಿ ಮೂಲದವನು ಮನೆಗೆ ಮರಳಿದ. ‘ಸಿನ್ ಕಾರಾ’ 2019ರ ಕೊನೆಯ ವರೆಗೆ ಅಮೆರಿಕದಲ್ಲಿ ಆಡುತ್ತಲೇ ಇದ್ದ!

ಅರೆನಾ ಮೆಕ್ಸಿಕೋಗೆ ಮರಳಿ

ಊರಿಗೆ ಬಂದರೂ ಕಷ್ಟ ತಪ್ಪಲಿಲ್ಲ. ಆತ ಬಿಟ್ಟು ಹೋದ ಹೆಸರು ಮತ್ತು ಮುಸುಕನ್ನು ಹಳೆಯ ಕಂಪೆನಿ ಅಷ್ಟರಲ್ಲಿ ಇನ್ನೊಬ್ಬ ಯುವಕನಿಗೆ ಕೊಟ್ಟಿತ್ತು. ಆದ್ದರಿಂದ ಮೊದಲು ಎಎಎ ಎಂಬ ಪ್ರತಿಸ್ಪರ್ಧಿ ಕಂಪೆನಿಯಲ್ಲಿ ‘ಮಿಸ್ತೆಸಿಸ್’ ಎಂಬ ಹೆಸರಿನಲ್ಲಿ ಆಡಿದ. ಬಳಿಕ ಎರಡೂ ಹಳೆಯ ಹೆಸರುಗಳ ತುಂಡುಗಳನ್ನು ಸೇರಿಸಿ ‘ಕಾರಿಸ್ತಿಕೋ’ ಎಂದು ಹೆಸರಿಟ್ಟುಕೊಂಡು ಸಿಎಂಎಲ್ಎಲ್ ಬಾಗಿಲಿಗೆ ಬಂದ. ತಾನೇ ಬೆಳೆಸಿದ ಹೆಸರನ್ನು ಬೇರೊಬ್ಬ ಹೊತ್ತಿರುವ ಕಡೆ, ಒಡೆದ ಹೆಸರು ಹೊತ್ತು ವರ್ಷಗಟ್ಟಲೆ ಆಡಿದ. 2021ರಲ್ಲಿ ಆ ಇನ್ನೊಬ್ಬ ಕಂಪೆನಿ ಬಿಟ್ಟ. ಹತ್ತು ವರ್ಷಗಳ ನಂತರ ಹೆಸರು ಮೂಲದವನಿಗೆ ಮರಳಿತು. ಶುಕ್ರವಾರಗಳ ಅರೆನಾ ಮೆಕ್ಸಿಕೋದಲ್ಲಿ ಮತ್ತೆ ‘ಮಿಸ್ತಿಕೋ’ ಎಂಬ ಕೂಗು ಎದ್ದಿತು.

ಇಷ್ಟಕ್ಕೇ ನಿಲ್ಲಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಎಇಡಬ್ಲ್ಯು ಎಂಬ ಅಮೆರಿಕದ ಇನ್ನೊಂದು ಕಂಪೆನಿ ಆತನನ್ನು ಅತಿಥಿಯಾಗಿ ಕರೆಯಿತು. ಎದುರಾಳಿ ರಾಕಿ ರೊಮೇರೋ, ಅರೆನಾ ಮೆಕ್ಸಿಕೋದಲ್ಲೇ ಎಷ್ಟೋ ವರ್ಷ ಆಡಿ ಆ ವಿದ್ಯೆಯನ್ನು ಅರೆದು ಕುಡಿದವನು. ನಲವತ್ತು ದಾಟಿದ ಮಿಸ್ತಿಕೋ ಹಾರಿದ, ರೊಮೇರೋ ಹಿಡಿದ. ಜನ ಎದ್ದು ನಿಂತರು. ಅಮೆರಿಕ ಅದೇ, ಮನುಷ್ಯ ಅವನೇ, ವಯಸ್ಸು ಮಾತ್ರ ಹನ್ನೆರಡು ವರ್ಷ ಹೆಚ್ಚು. ಹಾಗಾದರೆ ಬದಲಾದದ್ದೇನು? ಆತ ತನ್ನ ಹೆಸರಿನಲ್ಲಿ ಬಂದಿದ್ದ. ಆತನನ್ನು ಹಿಡಿಯಬಲ್ಲವನು ಎದುರಿಗಿದ್ದ.

ಈಗ ನಿಮ್ಮ ಮನೆಯ ಕಡೆ ಒಮ್ಮೆ ನೋಡಿ. ಹತ್ತನೇ ತರಗತಿಯ ವರೆಗೆ ಊರಿನ ಕನ್ನಡ ಶಾಲೆಯಲ್ಲಿ ಮೊದಲ ಸ್ಥಾನದಲ್ಲಿದ್ದ ಮಗಳನ್ನು ನಗರದ ದೊಡ್ಡ ಕಾಲೇಜಿಗೆ ಸೇರಿಸುತ್ತೇವೆ. ಮೊದಲ ಪರೀಕ್ಷೆಯಲ್ಲೇ ಅಂಕ ಕುಸಿದಾಗ ‘ಓದುವುದಿಲ್ಲ, ಮೊಬೈಲು ಹಿಡಿದು ಕೂರುತ್ತಾಳೆ’ ಎಂದು ಗದರುತ್ತೇವೆ. ಊರಿನ ಅಂಗಡಿಯಲ್ಲಿ ಗಿರಾಕಿಗಳನ್ನು ಮಾತಿನಲ್ಲೇ ಗೆಲ್ಲುತ್ತಿದ್ದ ಮಗ ದುಬೈಯ ದೊಡ್ಡ ಮಳಿಗೆಯಲ್ಲಿ ಮಂಕಾಗಿ ಕುಳಿತರೆ ‘ಇವನಿಗೆ ಶಕ್ತಿ ಸಾಲದು’ ಎಂದು ಬಿಡುತ್ತೇವೆ. ಅಲ್ಲಿ ಅವರ ಮಾತು ಅರ್ಥವಾಗುವವರು ಯಾರಿದ್ದಾರೆ? ಹೊಸ ಪದ್ಧತಿಯನ್ನು ಕಲಿಯಲು ಅವರಿಗೆ ಎಷ್ಟು ದಿನ ಕೊಡಲಾಗಿದೆ? ಜಾರಿದರೆ ಹಿಡಿಯುವ ಒಂದು ಕೈ ಅಲ್ಲಿದೆಯೇ? ಕಳುಹಿಸುವ ಮೊದಲು ಇಷ್ಟನ್ನು ನಾವು ವಿಚಾರಿಸಿದ್ದೆವೆಯೇ?

ಹಾಗೆಂದು ದೊಡ್ಡ ಕಡೆಗೆ ಹೋಗಲೇಬಾರದೆಂದಲ್ಲ. ಡೆಲ್ ರಿಯೋ ಹೋದ, ಮಿಸ್ಟೀರಿಯೋ ಹೋದ. ಆದರೆ ಒಬ್ಬ ಮತ್ತೆ ವಿದ್ಯಾರ್ಥಿಯಾಗಲು ಒಪ್ಪಿದ, ಇನ್ನೊಬ್ಬ ಮೆಟ್ಟಿಲು ಹತ್ತಿ ಹೋದ. ಮಿಸ್ತಿಕೋಗೆ ಈ ಎರಡರಲ್ಲಿ ಒಂದೂ ದಕ್ಕಲಿಲ್ಲ. ಒಂದಷ್ಟು ಆತನ ತಪ್ಪು, ಬಹಳಷ್ಟು ಕರೆದವರ ಅವಸರ. ಮುಂದಿನ ಬಾರಿ ನಿಮ್ಮ ಮಗ ಊರು ಬಿಟ್ಟು ಹೊರಟಾಗ ಪೆಟ್ಟಿಗೆಯಲ್ಲಿ ಬಟ್ಟೆ, ಉಪ್ಪಿನಕಾಯಿ ತುಂಬುವುದರ ಜೊತೆಗೆ ಇನ್ನೊಂದು ಕೆಲಸ ಮಾಡಿ. ಆ ಊರಿನಲ್ಲಿ ನಮ್ಮ ಕಡೆಯವರು ಯಾರಿದ್ದಾರೆಂದು ವಿಚಾರಿಸಿ, ಅವರಿಗೊಂದು ಫೋನ್ ಮಾಡಿ, ‘ಹುಡುಗ ಹೊಸಬ, ಮೊದಲ ಆರು ತಿಂಗಳು ಸ್ವಲ್ಪ ನೋಡಿಕೊಳ್ಳಿ’ ಎಂದು ಹೇಳಿ.